ಷರಾ ಕಾಲಂನಲ್ಲಿ ನಿಜ ಬರೆಯಲು ಬಿಡಿ: ಮುಖ್ಯ ವಿದ್ಯುತ್ ಪರಿವೀಕ್ಷಕರಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ವಿದ್ಯುತ್ ಪರಿವೀಕ್ಷಕರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಕಾಗದಪತ್ರ ಕಡಿಮೆ ಮಾಡಿ ಎಂದು ಕೇಳುವ ಪತ್ರ ಇದಲ್ಲ. ಅಂಥ ಮನವಿಗಳಿಗೆ ತಮ್ಮ ಕಚೇರಿಯಲ್ಲಿ ಬರ ಇರಲಾರದು. ನಾನು ಕಾರ್ಖಾನೆಯ ಮಾಲೀಕನಲ್ಲ, ಇಲಾಖೆಯವನೂ ಅಲ್ಲ. ಮೇಲ್ವಿಚಾರಕನ ಪರ್ಮಿಟ್ ಪಡೆದು, ಪೀಣ್ಯ ಮತ್ತು ಅದರ ಸುತ್ತಲಿನ ಸಣ್ಣ ಕಾರ್ಖಾನೆಗಳ ವೈರಿಂಗ್, ಪ್ಯಾನೆಲ್ ಬೋರ್ಡ್, ಅರ್ಥಿಂಗ್ ನೋಡಿಕೊಳ್ಳುತ್ತ ಹೊಟ್ಟೆ ಹೊರೆಯುವವನು. ಹಾಗಾಗಿ ಮಾಲೀಕರು ತಮಗೆ ಹೇಳದ, ಗುತ್ತಿಗೆದಾರರು ಹೇಳಲಾಗದ ಒಂದು ಮಾತನ್ನು ನಾನು ಹೇಳಬಹುದು. ವಿದ್ಯುತ್ ಸುರಕ್ಷತೆಗೆಂದು ಕಾನೂನು ಕೇಳುವ ಕಾಗದಗಳು ನಮ್ಮ ಕಾರ್ಖಾನೆಗಳಲ್ಲಿ ಇವೆ. ಭರ್ತಿಯಾಗಿವೆ, ಸಹಿಯಾಗಿವೆ, ಮೊಹರು ಬಿದ್ದಿದೆ. ನಿಜ ಬರೆದರೆ ಬರೆದವನಿಗೇ ತೊಂದರೆ ಎನ್ನುವ ಪರಿಸ್ಥಿತಿ ಇರುವುದರಿಂದ, ನಿಜವೊಂದು ಮಾತ್ರ ಅವುಗಳಲ್ಲಿ ಇಲ್ಲ.

ಒಂದು ರಿಜಿಸ್ಟರನ್ನು ತೋರಿಸುತ್ತೇನೆ. ಉದ್ದನೆಯ, ಹಸಿರು ರಟ್ಟಿನ ಪುಸ್ತಕ. ಅಂಗಡಿಗಳಲ್ಲಿ ಹಾಜರಿ ಪುಸ್ತಕವೆಂದು ಮಾರುವಂಥದ್ದು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅರ್ಥ್ ಪಿಟ್’ ಎಂದು ಬರೆದಿದೆ, ಅಂದರೆ ಸೋರಿದ ಕರೆಂಟನ್ನು ಭೂಮಿಗಿಳಿಸುವ ಅರ್ಥಿಂಗ್ ಗುಂಡಿಗಳ ಲೆಕ್ಕ. ಒಳಗೆ ಗೆರೆ ಎಳೆದು ಕಾಲಂ ಮಾಡಿದ್ದಾರೆ: ಗುಂಡಿಯ ಸಂಖ್ಯೆ, ದಿನಾಂಕ, ಓಮ್ (ಕರೆಂಟಿಗಿರುವ ಅಡ್ಡಿಯ ಅಳತೆ), ಸಹಿ, ಷರಾ. ಆರು ಗುಂಡಿಗಳು. ಏಪ್ರಿಲ್ ಪುಟದಲ್ಲಿ 0.8, 0.7, 0.9, 0.8, 0.8, 0.7. ಆಗಸ್ಟ್ ಪುಟದಲ್ಲಿ ಅದೇ ಆರು ಅಂಕಿಗಳು, ಅದೇ ಕ್ರಮದಲ್ಲಿ. ಹಿಂದಿನ ವರ್ಷಕ್ಕೆ ಪುಟ ತಿರುವಿದರೂ ಅವೇ. ಷರಾ ಕಾಲಂನಲ್ಲಿ ಮೊದಲ ಸಾಲಿಗೆ ‘ತೃಪ್ತಿಕರ’ ಎಂದು ಬರೆದು, ಅದರ ಕೆಳಗೆ ಪುಟದ ಕೊನೆಯವರೆಗೂ ಎರಡೆರಡು ಪುಟ್ಟ ಗೀಟು ಎಳೆದಿದ್ದಾರೆ.

ತಮಗೆ ನಾನು ಪಾಠ ಹೇಳಬೇಕಾಗಿಲ್ಲ. ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಅವರಿಗಾಗಿ ಹೇಳುತ್ತೇನೆ. ಭೂಮಿ ಎಷ್ಟು ಸುಲಭವಾಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎನ್ನುವುದು ಮಣ್ಣಿನಲ್ಲಿರುವ ತೇವವನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಒಂದು ಓಮ್ ತೋರಿಸುವ ಗುಂಡಿ ಬಿರುಬೇಸಿಗೆಯಲ್ಲಿ ಅದರ ಹಲವು ಪಟ್ಟು ತೋರಿಸಬಹುದು. ಇದನ್ನು ತಿಳಿದೇ, 1956ರ ಭಾರತೀಯ ವಿದ್ಯುತ್ ನಿಯಮಗಳ 61ನೇ ನಿಯಮವು ಸರಬರಾಜುದಾರರ ಅರ್ಥಿಂಗನ್ನು ಒಣ ಋತುವಿನಲ್ಲಿ, ಅದೂ ಒಣ ದಿನದಂದೇ ಪರೀಕ್ಷಿಸಬೇಕು, ಆ ದಾಖಲೆಯನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕು ಎಂದಿತು. ಬರೆದವರು ಗುಂಡಿಯ ಬಳಿ ನಿಂತು ಯೋಚಿಸಿದವರು ಎನ್ನುವುದು ಆ ಒಂದು ವಾಕ್ಯದಿಂದಲೇ ಗೊತ್ತಾಗುತ್ತದೆ. ಏಪ್ರಿಲ್‌ಗೂ ಆಗಸ್ಟ್‌ಗೂ ಒಂದೇ ಅಂಕಿ ಬರೆದ ರಿಜಿಸ್ಟರನ್ನು ಅವರ ಮುಂದಿಟ್ಟಿದ್ದರೆ ಪುಸ್ತಕ ಮುಚ್ಚಿ ಮೀಟರ್ ತನ್ನಿ ಎನ್ನುತ್ತಿದ್ದರು.

ಅಂಕಿ ಸುಳ್ಳಾದರೆ ಏನಾಗುತ್ತದೆ? ಲೇತ್ ಯಂತ್ರದ ಒಳಗೆ ಫೇಸ್ ತಂತಿಯ ಹೊದಿಕೆ ಹರಿದು ಯಂತ್ರದ ಮೈಗೆ ತಾಗಿತು ಎಂದುಕೊಳ್ಳಿ. ಉಳಿದ ಅಡ್ಡಿಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅರ್ಥಿಂಗ್ ಒಂದು ಓಮ್ ಇದ್ದಾಗ 230 ವೋಲ್ಟ್‌ಗೆ 230 ಆಂಪಿಯರ್ ಹರಿದು ಬ್ರೇಕರ್ ಕ್ಷಣದಲ್ಲಿ ಬೀಳುತ್ತದೆ. ಅದೇ ಅರ್ಥಿಂಗ್ 20 ಓಮ್‌ಗೆ ಏರಿದ್ದರೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 32 ಆಂಪಿಯರಿನ ಎಂ.ಸಿ.ಬಿ.ಗೆ ಅದು ಮಾಮೂಲಿ ಲೋಡ್. ಅದು ಬೀಳುವುದಿಲ್ಲ. ಯಂತ್ರ ತಿರುಗುತ್ತಲೇ ಇರುತ್ತದೆ, ಅದರ ಮೈಯಲ್ಲಿ ಕರೆಂಟು ಕಾಯುತ್ತಲೇ ಇರುತ್ತದೆ. ರಿಜಿಸ್ಟರಿನಲ್ಲಿ ‘ತೃಪ್ತಿಕರ’.

ಈಗ ತಾವು, ಹಾಗಾದರೆ ಅಳೆಯದೆ ಬರೆದವನು ಕಳ್ಳ, ಅವನ ಪರವಾನಗಿ ರದ್ದು ಮಾಡೋಣ ಎನ್ನಬಹುದು. ಸ್ವಲ್ಪ ತಾಳಿ. ಅರ್ಥ್ ಟೆಸ್ಟರ್‌ನಿಂದ ಸರಿಯಾಗಿ ಅಳೆಯಲು ಗುಂಡಿಯಿಂದ ದೂರಕ್ಕೆ ತಂತಿ ಎಳೆದು ಎರಡು ಮೊಳೆಗಳನ್ನು ನೆಲಕ್ಕೆ ಹೊಡೆಯಬೇಕು. ಪೀಣ್ಯದ ಸಣ್ಣ ಶೆಡ್‌ಗಳನ್ನು ತಾವು ನೋಡಿರುತ್ತೀರಿ. ಕಾಂಪೌಂಡ್ ಗೋಡೆಯವರೆಗೂ ಕಾಂಕ್ರೀಟು, ಗೋಡೆ ದಾಟಿದರೆ ಪಕ್ಕದವನ ಶೆಡ್, ಮುಂದೆ ಡಾಂಬರು ರಸ್ತೆ. ಮೊಳೆ ಹೊಡೆಯಲು ಹಿಡಿ ಮಣ್ಣಿಲ್ಲ. ಅಂಥ ಕಡೆ ಪ್ರಾಮಾಣಿಕ ಎಲೆಕ್ಟ್ರಿಷಿಯನ್ ‘ಈ ಗುಂಡಿಯನ್ನು ಈ ವಿಧಾನದಲ್ಲಿ ಅಳೆಯಲಾಗಲಿಲ್ಲ, ಕಾರಣ ಹೀಗಿದೆ’ ಎಂದು ಬರೆಯಬೇಕು. ಬರೆದರೆ? ಫೈಲು ‘ಅಪೂರ್ಣ’ ಎಂದು ವಾಪಸು ಬರುತ್ತದೆ. ‘ಅಳೆದೆ, 14 ಓಮ್ ಬಂತು, ಹೊಸ ಗುಂಡಿ ತೋಡಿಸಬೇಕು’ ಎಂದು ಬರೆದರೆ ನೋಟಿಸು ಬರುತ್ತದೆ, ಮಾಲೀಕ ಮುಂದಿನ ವರ್ಷ ಬೇರೆ ಗುತ್ತಿಗೆದಾರನನ್ನು ಹುಡುಕಿಕೊಳ್ಳುತ್ತಾನೆ. 0.8 ಎಂದು ಬರೆದವನಿಗೆ ಮಾತ್ರ ಯಾವ ತಾಪತ್ರಯವೂ ಇಲ್ಲ. ಅವನ ಬಿಲ್ಲೂ ಬೇಗ ಪಾಸಾಗುತ್ತದೆ.

ಇದೇ ಕಾರಣಕ್ಕೆ ಒಂದು ಸಣ್ಣ ವ್ಯಾಪಾರವೇ ಬೆಳೆದಿದೆ. ‘ಫೈಲ್ ಮಾಡಿಕೊಡುತ್ತೇವೆ’ ಎನ್ನುವವರು ಬರುತ್ತಾರೆ. ಮೆಗ್ಗರ್ ರಿಪೋರ್ಟು (ತಂತಿಯ ಹೊದಿಕೆಯ ಪರೀಕ್ಷೆ), ಅರ್ಥಿಂಗ್ ರಿಪೋರ್ಟು, ಒಂದು ಗೆರೆಯ ನಕ್ಷೆ, ಸರ್ಕಾರದ ಆನ್‌ಲೈನ್ ಖಜಾನೆಯಾದ ಖಜಾನೆ-2ರ ಚಲನ್ನು, ಪರವಾನಗಿ ಹೊಂದಿದವರ ಸಹಿ ಎಲ್ಲ ಸೇರಿ ಇಂತಿಷ್ಟು ಎಂದು ದರ. ಸಹಿ ಹಾಕಿದವರು ಆ ಕಾರ್ಖಾನೆಯ ಗೇಟನ್ನೂ ಕಂಡಿರುವುದಿಲ್ಲ. ಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು, ತಮಗೂ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. 500 ವೋಲ್ಟ್ ಡಿ.ಸಿ. ಹಾಕಿ ಒಂದು ನಿಮಿಷ ಹಿಡಿದಾಗ ತಂತಿಯ ಹೊದಿಕೆಯ ತಡೆ ಕನಿಷ್ಠ ಒಂದು ಮೆಗಾ ಓಮ್ (ಹತ್ತು ಲಕ್ಷ ಓಮ್) ಇರಬೇಕು ಎನ್ನುವುದು ನಿಯಮ. ಈ ಫೈಲುಗಳಲ್ಲಿ ಹಳೆಯ ವೈರಿಂಗೂ ಹೊಸ ವೈರಿಂಗೂ ಸೇರಿ ಎಲ್ಲ ಸರ್ಕಿಟ್‌ಗಳೂ ಒಂದೇ ಅಂಕಿ ತೋರಿಸುತ್ತವೆ. ಆ ಒಂದು ನಿಮಿಷ ಯಾರೂ ಮೀಟರ್ ಹಿಡಿದು ನಿಂತಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ನಿಯಮಗಳಲ್ಲಿ ಕೊರತೆ ಇದೆ ಎಂದು ನನಗೆ ಅನ್ನಿಸಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಾವಳಿ, ಅದರ ಜಾಗಕ್ಕೆ 2023ರಲ್ಲಿ ಬಂದ ಹೊಸ ನಿಯಮಾವಳಿ ಎರಡನ್ನೂ ಓದಿದ್ದೇನೆ. ವಿದ್ಯುತ್ ಕೆಲಸಕ್ಕೆ ಕೈ ಹಾಕುವವರು ಯಾರು ಎಂದು ಲಿಖಿತವಾಗಿ ನೇಮಿಸಿ ಪಟ್ಟಿ ಇಡಬೇಕು, ಇಂತಿಷ್ಟು ವರ್ಷಕ್ಕೊಮ್ಮೆ ಪರಿವೀಕ್ಷಣೆ ಆಗಬೇಕು, ಯಂತ್ರದ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕು, ಸೋರಿಕೆ ಕರೆಂಟಿಗೆ ಬೀಳುವ ಸಾಧನ ಇರಬೇಕು. ಎಲ್ಲವೂ ಬೇಕಾದ ಮಾತೇ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳೇ ಹೇಳುತ್ತಿರುವಾಗ, ನಿಯಮ ಹೆಚ್ಚಾಯಿತು ಎನ್ನುವ ಬಾಯಿ ನನಗಿಲ್ಲ. ಕಾಗದದ ದಾರಿ ಮಾತ್ರ ತಪ್ಪಿದೆ. ಅದು ಪ್ಯಾನೆಲ್ ಬೋರ್ಡಿನ ಎದುರು ಹುಟ್ಟಿ, ಅಲ್ಲಿಯೇ ಕೆಲಸಕ್ಕೆ ಬರಬೇಕಿತ್ತು. ಈಗ ಲೆಕ್ಕಿಗರ ಕಂಪ್ಯೂಟರಿನಲ್ಲಿ ಹುಟ್ಟಿ, ಕಚೇರಿಯ ಬೀರುವಿಗೆ ಹೋಗಿ ಮಲಗುತ್ತದೆ.

ನೇಮಿತ ವ್ಯಕ್ತಿಗಳ ಪಟ್ಟಿಯನ್ನೇ ನೋಡಿ. ಸಣ್ಣ ಕಾರ್ಖಾನೆಯಲ್ಲಿ ಅದು ಇರುವುದೇ ಅಪರೂಪ. ಇದ್ದರೆ ಅದರಲ್ಲಿ ಮಾಲೀಕರ ಹೆಸರು, ಮ್ಯಾನೇಜರ್ ಹೆಸರು, ಹೊರಗಿನ ಗುತ್ತಿಗೆದಾರನ ಹೆಸರು ಇರುತ್ತದೆ. ರಾತ್ರಿ ಪಾಳಿಯಲ್ಲಿ ಫ್ಯೂಸ್ ಹೋದರೆ ಬೋರ್ಡಿನ ಬಾಗಿಲು ತೆಗೆಯುವವನು ಈ ಮೂವರಲ್ಲಿ ಯಾರೂ ಅಲ್ಲ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ, ಹೆಲ್ಪರ್ ಎಂದು ಕರೆಸಿಕೊಳ್ಳುವ ಇಪ್ಪತ್ತರ ಹುಡುಗ. ಅವನಿಗೆ ಟೆಸ್ಟರ್ ಹಿಡಿಯಲು ಬರುತ್ತದೆ, ಆ ಒಂದೇ ಅರ್ಹತೆಯ ಮೇಲೆ ಅವನು ಆ ಶೆಡ್ಡಿನ ಎಲೆಕ್ಟ್ರಿಷಿಯನ್. ಅವನ ಹೆಸರನ್ನು ಪಟ್ಟಿಗೆ ಸೇರಿಸಿ ಎಂದರೆ ಮಾಲೀಕರು ಗಾಬರಿಯಾಗುತ್ತಾರೆ: ಅವನಿಗೆ ವೈರ್‌ಮ್ಯಾನ್ ಪರ್ಮಿಟ್ ಇಲ್ಲ, ಹೆಸರು ಬರೆದರೆ ನಾವೇ ಸಿಕ್ಕಿಬೀಳುತ್ತೇವೆ. ಬರೆಯದಿದ್ದರೆ? ಯಾರೂ ಕೇಳುವುದಿಲ್ಲ. ಹೀಗಾಗಿ ಅಪಾಯಕ್ಕೆ ಅತಿ ಹತ್ತಿರದಲ್ಲಿ ನಿಂತವನೇ ದಾಖಲೆಯಿಂದ ಹೊರಗೆ. ಅವನಿಗೆ ತರಬೇತಿ ಕೊಡಿಸಿ ಪರ್ಮಿಟ್ ಪರೀಕ್ಷೆಗೆ ಕೂರಿಸುವ ಕೆಲಸ ಶುರುವಾಗಬೇಕಾದರೆ ಮೊದಲು ಅವನು ಇದ್ದಾನೆ ಎಂದು ಯಾರಾದರೂ ಬರೆಯಬೇಕಲ್ಲ.

ಇನ್ನು ಮಿತಿಗಳ ವಿಚಾರ. 2010ರ ನಿಯಮಾವಳಿಯ ಪ್ರಕಾರ ವಿದ್ಯುತ್ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಕಡ್ಡಾಯ 250 ಕಿಲೋವ್ಯಾಟ್ ಮೀರಿದ ಕಾರ್ಖಾನೆಗಳಿಗೆ ಇತ್ತು. ಪೀಣ್ಯದ ಎಷ್ಟೋ ಶೆಡ್‌ಗಳು ಅದರ ಕಾಲು ಭಾಗವೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಕರೆಂಟಿಗೆ ತಲೆ ಎಣಿಸುವ ಅಭ್ಯಾಸವಿಲ್ಲ. ಎಂಟು ಜನರ ಪೌಡರ್ ಕೋಟಿಂಗ್ ಘಟಕವೂ ಎಂಬತ್ತು ಜನರ ಘಟಕವೂ ಅದೇ 415 ವೋಲ್ಟಿನ ಮೇಲೆ ನಡೆಯುತ್ತವೆ. ಇದರ ಜೊತೆಗೆ, ಇಂತಿಷ್ಟು ವೋಲ್ಟೇಜಿನವರೆಗೆ ಮಾಲೀಕರೇ ಸ್ವಯಂ ಪ್ರಮಾಣೀಕರಿಸಬಹುದು, ಬೇಕಿದ್ದರೆ ಚಾರ್ಟರ್ಡ್ ಎಲೆಕ್ಟ್ರಿಕಲ್ ಸೇಫ್ಟಿ ಎಂಜಿನಿಯರ್ ನೆರವು ಪಡೆಯಬಹುದು ಎಂಬ ವ್ಯವಸ್ಥೆಯೂ ಬಂದಿದೆ. ನಾನು ಅದರ ವಿರೋಧಿಯಲ್ಲ. ತಮ್ಮ ಪರಿವೀಕ್ಷಕರು ಪ್ರತಿ ಶೆಡ್ಡಿಗೂ ಬರಲಾರರು ಎನ್ನುವುದು ಕಣ್ಣಿಗೆ ಕಾಣುವ ಸತ್ಯ. ಆದರೆ ಸರ್ಕಾರ ಕಣ್ಣಿಂದ ನೋಡುವುದನ್ನು ಬಿಟ್ಟು ಕಾಗದದ ಮೇಲೆ ಭಾರ ಹಾಕಿದಷ್ಟೂ ಆ ಕಾಗದ ನಿಜವಾಗಿರಬೇಕಾದ ಅಗತ್ಯ ಹೆಚ್ಚುತ್ತದೆ.

ಲೈನ್ ಕ್ಲಿಯರ್ (ಎಲ್.ಸಿ.), ಅಂದರೆ ಕರೆಂಟು ಬಂದ್ ಆಗಿದೆ, ಕೆಲಸ ಶುರು ಮಾಡಬಹುದು ಎಂಬ ಅನುಮತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆಸ್ಕಾಂ, ಹೆಸ್ಕಾಂಗಳ ಪವರ್‌ಮ್ಯಾನ್‌ಗಳಿಗೆ ಎಲ್.ಸಿ. ಎಂದರೆ ಜೀವ. ಸಬ್‌ಸ್ಟೇಷನ್ನಿನಿಂದ ಎಲ್.ಸಿ. ಸಂಖ್ಯೆ ಪಡೆದು, ಪುಸ್ತಕದಲ್ಲಿ ಬರೆದು, ಲೈನನ್ನು ಡಿಸ್ಚಾರ್ಜ್ ಮಾಡಿ ಅರ್ಥ್ ರಾಡ್ ಹಾಕಿದ ಮೇಲೆ ಕಂಬ ಹತ್ತಬೇಕು. ಇಳಿದ ಮೇಲೆ ಎಲ್.ಸಿ. ವಾಪಸು ಕೊಡಬೇಕು. ಪಾಲಿಸದೆ ಸತ್ತವರಿದ್ದಾರೆ, ನಿಜ. ಆದರೂ ಅಲ್ಲಿ ಒಂದು ಶಿಸ್ತಿನ ಹೆಸರಾದರೂ ಇದೆ. ಕಾರ್ಖಾನೆಯ ಗೇಟಿನೊಳಗೆ ಬಂದ ಕೂಡಲೇ ಆ ಶಿಸ್ತು ಮಾಯ. ದೊಡ್ಡ ಕಂಪನಿಗಳಲ್ಲಿ ಬೀಗ ಹಾಕಿ ಟ್ಯಾಗ್ ತೂಗುಹಾಕುವ ಪದ್ಧತಿ ಇದೆ. ಸಣ್ಣ ಶೆಡ್ಡಿನಲ್ಲಿ ಎಲ್.ಸಿ. ಎಂದರೆ ಒಂದು ಕೂಗು.

“ಅಣ್ಣ, ಆಫ್ ಮಾಡಿದ್ದೀಯಾ?”

“ಹೂಂ, ಮಾಡಿದ್ದೇನೆ, ನೀನು ಶುರು ಮಾಡು.”

ಅಣ್ಣ ಆಫ್ ಮಾಡಿರುವುದು ಮೇನ್ ಸ್ವಿಚ್ಚನ್ನು. ಮೂಲೆಯಲ್ಲಿರುವ ಡೀಸೆಲ್ ಜನರೇಟರು ಆಟೊ ಮೋಡಿನಲ್ಲಿದೆ. ಕರೆಂಟು ಹೋಯಿತು ಎಂದು ಅದು ತಿಳಿದು, ಕೆಲವು ಸೆಕೆಂಡುಗಳಲ್ಲಿ ತಾನೇ ಸ್ಟಾರ್ಟ್ ಆಗಿ ಬೋರ್ಡಿನ ಅದೇ ಬಸ್‌ಬಾರಿಗೆ (ಕರೆಂಟು ಹಂಚುವ ಲೋಹದ ಪಟ್ಟಿಗೆ) ಕರೆಂಟು ತಳ್ಳುತ್ತದೆ. ಜನರೇಟರು ಹೀಗೆ ಕೆಲಸ ಮಾಡುವುದು ದೋಷವಲ್ಲ, ಅದನ್ನು ಕೊಂಡಿದ್ದೇ ಅದಕ್ಕಾಗಿ. ಈಚೆಗೆ ಶೆಡ್ಡಿನ ತಗಡಿನ ಮೇಲೆ ಸೌರ ಫಲಕಗಳೂ ಬಂದಿವೆ. ಗ್ರಿಡ್ ಹೋದಾಗ ಇನ್ವರ್ಟರ್ ನಿಲ್ಲುತ್ತದೆ, ಸರಿ. ಆದರೆ ಫಲಕದಿಂದ ಇನ್ವರ್ಟರಿಗೆ ಇಳಿಯುವ ಡಿ.ಸಿ. ತಂತಿಯಲ್ಲಿ ಬಿಸಿಲಿರುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ. ಮೇನ್ ಆಫ್ ಮಾಡಿದರೆ ಸೂರ್ಯ ಆಫ್ ಆಗುವುದಿಲ್ಲ. ಪರಿವೀಕ್ಷಣೆಯ ಫೈಲಿನಲ್ಲಿ ಜನರೇಟರಿನ ಅನುಮೋದನೆ ಪತ್ರ ಒಂದು ಕಡೆ, ಸೌರ ಸ್ಥಾವರದ್ದು ಇನ್ನೊಂದು ಕಡೆ, ಬೆಸ್ಕಾಂ ಸಂಪರ್ಕದ ಕಾಗದ ಮತ್ತೊಂದು ಕಡೆ. ‘ಈ ಬೋರ್ಡಿಗೆ ಎಷ್ಟು ದಿಕ್ಕಿನಿಂದ ಕರೆಂಟು ಬರುತ್ತದೆ, ಪ್ರತಿಯೊಂದನ್ನೂ ಎಲ್ಲಿ ಬಂದ್ ಮಾಡಬೇಕು’ ಎಂದು ಒಂದೇ ಹಾಳೆಯಲ್ಲಿ ಹೇಳುವ ಕಾಗದ ಯಾವ ಫೈಲಿನಲ್ಲೂ ನನಗೆ ಕಂಡಿಲ್ಲ. ಬೋರ್ಡಿನ ಮುಂದೆ ನಿಂತವನಿಗೆ ಬೇಕಾಗಿರುವುದು ಆ ಒಂದು ಹಾಳೆ.

ಗೋಡೆಯ ಮೇಲೆ ಇರಲೇಬೇಕಾದ ಇನ್ನೊಂದು ಕಾಗದ ಇದೆ: ವಿದ್ಯುತ್ ಆಘಾತವಾದವನಿಗೆ ಮಾಡಬೇಕಾದ ಪ್ರಥಮ ಚಿಕಿತ್ಸೆಯ ಪಟ. ಇಂಗ್ಲಿಷ್ ಅಥವಾ ಹಿಂದಿಯ ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲೂ ಇರಬೇಕು, ಎದ್ದು ಕಾಣುವ ಜಾಗದಲ್ಲಿ ಇರಬೇಕು ಎನ್ನುತ್ತದೆ ನಿಯಮ. ಪರಿವೀಕ್ಷಣೆಯ ಪಟ್ಟಿಯಲ್ಲಿ ‘ಪಟ ಇದೆಯೇ? ಇದೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಒಮ್ಮೆ ನಿಂತು ಅದನ್ನು ಓದಿ ನೋಡಿ ಎಂದು ವಿನಂತಿ. ನಾನು ಕಂಡ ಹಲವು ಪಟಗಳಲ್ಲಿ ಈಗಲೂ ಮನುಷ್ಯನನ್ನು ಬೋರಲು ಮಲಗಿಸಿ ಬೆನ್ನು ಒತ್ತುವ, ತೋಳು ಎತ್ತುವ ಚಿತ್ರಗಳಿವೆ. ಆ ವಿಧಾನಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದವು. ಎದೆಯನ್ನು ಹೊರಗಿನಿಂದ ಒತ್ತಿ ಹೃದಯ ನಡೆಸುವ ವಿಧಾನ 1960ರಲ್ಲಿ ಪ್ರಕಟವಾಯಿತು. ಅದರ ಹಿಂದಿದ್ದವರಲ್ಲಿ ಪ್ರಮುಖರಾದ ಅಮೆರಿಕದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಲೈನ್ ಕೆಲಸಗಾರರು ಕರೆಂಟು ತಗುಲಿ ಸಾಯುವುದನ್ನು ತಡೆಯುವ ಸಂಶೋಧನೆಯಿಂದಲೇ ಅವರ ದಾರಿ ಅಲ್ಲಿಗೆ ಹೋಯಿತು. ನಮ್ಮ ಕಸುಬಿನವರ ಸಾವು ನೋಡಿ, ನಮ್ಮ ಕಸುಬಿನವರೊಬ್ಬರು ಲೋಕಕ್ಕೆ ಕೊಟ್ಟ ವಿದ್ಯೆ ಅದು. ಅದು ನಮ್ಮ ಗೋಡೆಗೇ ಇನ್ನೂ ಬಂದಿಲ್ಲ. ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು, ಅದಕ್ಕೂ ಮೊದಲು ಕರೆಂಟು ಬಂದ್ ಮಾಡಬೇಕು, ಒಬ್ಬರು 108ಕ್ಕೆ ಫೋನ್ ಮಾಡಬೇಕು ಎನ್ನುವುದಕ್ಕೆ ನಾಲ್ಕು ಚಿತ್ರ ಸಾಕು. ಪಟದ ಕೆಳಗೆ ‘ವೈದ್ಯರ ಹೆಸರು, ದೂರವಾಣಿ’ ಎಂಬ ಖಾಲಿ ಗೆರೆ ಇರುತ್ತದೆ. ಅದು ತುಂಬಿದ್ದನ್ನು ನೋಡಿದ ನೆನಪು ನನಗಿಲ್ಲ. ಆ ಖಾಲಿ ಗೆರೆಗೆ ಯಾರಿಗೂ ನೋಟಿಸು ಬಂದದ್ದನ್ನೂ ಕೇಳಿಲ್ಲ.

ಭಾಷೆಯ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. 1963ರಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ನಾವು ಕಾರ್ಖಾನೆಗಳಲ್ಲಿ ತುಂಬುವ ಪರೀಕ್ಷಾ ವರದಿಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲಿವೆ. ಐ.ಟಿ.ಐ. ಮುಗಿಸಿ ಬಂದ ಹುಡುಗ ಮೆಗ್ಗರ್ ಸರಿಯಾಗಿಯೇ ಹಿಡಿಯುತ್ತಾನೆ, ಅಂಕಿಯನ್ನೂ ಸರಿಯಾಗಿ ಓದುತ್ತಾನೆ. ಅದನ್ನು ಯಾವ ಕಾಲಂಗೆ ತುಂಬಬೇಕು ಎಂಬಲ್ಲಿ ತಡವರಿಸುತ್ತಾನೆ. ‘ಇರಲಿ ಬಿಡಪ್ಪ, ಆಫೀಸಿನಲ್ಲಿ ಟೈಪ್ ಮಾಡಿಕೊಳ್ಳುತ್ತಾರೆ’ ಎಂದು ಯಾರೋ ಹೇಳುತ್ತಾರೆ. ಅಳೆದವನ ಕೈಯಿಂದ ಕಾಗದ ಜಾರಿ ಹೋಗುವುದು ಆ ಕ್ಷಣದಲ್ಲಿ.

ಅಪಘಾತದ ದಾಖಲೆಯ ಕಥೆ ಎಲ್ಲಕ್ಕಿಂತ ಕೆಟ್ಟದ್ದು. 2005ರ ನಿಯಮಗಳ ಪ್ರಕಾರ ಸಾವು ಸಂಭವಿಸಿದರೆ ತಿಳಿದ 24 ಗಂಟೆಯೊಳಗೆ ಸೂಚನೆ ಕೊಡಬೇಕು. ಸಾವಾಗಲಿ, ಬೇರೆ ಅಪಘಾತವಾಗಲಿ, 48 ಗಂಟೆಯೊಳಗೆ ನಮೂನೆ ‘ಎ’ಯಲ್ಲಿ ಲಿಖಿತ ವರದಿ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಇನ್ನೂ ಮುಂದೆ ಹೋಗಿ, ಜೀವಹಾನಿಯೋ ಗಾಯವೋ ಆದ ಅಪಘಾತವಷ್ಟೇ ಅಲ್ಲ, ಆಗುವ ಸಂಭವವಿದ್ದ ಅಪಘಾತವನ್ನೂ ತಿಳಿಸಬೇಕು ಎನ್ನುತ್ತದೆ. ಎಷ್ಟು ದೂರದ ಆಲೋಚನೆ! ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಸಿದರೆ ಮುಂದಿನ ಸಾವನ್ನು ತಡೆಯಬಹುದು ಎಂದು ಶಾಸಕಾಂಗಕ್ಕೇ ಹೊಳೆದಿತ್ತು.

ನಡೆಯುವುದು ಹೀಗೆ. ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಮಳೆಗಾಲದ ಸಂಜೆ ವೆಲ್ಡಿಂಗ್ ಸೆಟ್ಟಿನ ಕೇಬಲ್ಲನ್ನು ಎಳೆದ ಹುಡುಗನಿಗೆ ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಕೇಬಲ್ಲಿನ ಜಾಯಿಂಟಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದರು, ಟೇಪು ಬಿಚ್ಚಿಕೊಂಡಿತ್ತು, ನೆಲ ಒದ್ದೆ. ಹುಡುಗ ಎದ್ದು ಕೂತ, ನೀರು ಕುಡಿದ, ಅರ್ಧ ಗಂಟೆಯ ಬಳಿಕ ಮತ್ತೆ ಕೆಲಸಕ್ಕೆ ನಿಂತ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ಬೀಳುವ ಸಾಧನ) ಇತ್ತು, ಆದರೆ ಮಳೆ ಬಂದಾಗಲೆಲ್ಲ ಬೀಳುತ್ತದೆ ಎಂದು ಅದರ ಒಳ ಬರುವ ತಂತಿಯನ್ನೂ ಹೊರ ಹೋಗುವ ತಂತಿಯನ್ನೂ ನೇರವಾಗಿ ಸೇರಿಸಿಬಿಟ್ಟಿದ್ದರು. ಸಾಧನ ಅಲ್ಲಿಯೇ ಇದೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಫೈಲಿನಲ್ಲಿ ‘ಅಳವಡಿಸಲಾಗಿದೆ’ ಎಂದೂ ಇದೆ. ಅದು ಬೀಳುತ್ತಿದ್ದುದೇ ಕೇಬಲ್ಲಿನಲ್ಲಿ ಸೋರಿಕೆ ಇದೆ ಎಂದು ಹೇಳುವುದಕ್ಕೆ. ಹೇಳಿದ್ದಕ್ಕೆ ಬಾಯಿ ಮುಚ್ಚಿಸಿದರು. 161ನೇ ಕಲಂ ಪ್ರಕಾರ ತಮಗೆ ಬರಬೇಕಿದ್ದ ವರದಿ ಬಂದಿರಲಾರದು. ಮಾಲೀಕರ ಮಾತು ಚುಟುಕಾಗಿತ್ತು: “ಏನೂ ಆಗಿಲ್ಲವಲ್ಲ, ಸುಮ್ಮನೆ ಮೈ ಮೇಲೆ ಎಳೆದುಕೊಳ್ಳುವುದು ಯಾಕೆ?” ಅವರನ್ನು ನಾನು ಪೂರ್ತಿ ದೂರಲಾರೆ. ನಿಜವಾಗಿ ಗಾಯವೇ ಆಗಿದ್ದರೆ ಪೊಲೀಸರಿಗೊಂದು, ಕಾರ್ಖಾನೆಗಳ ಇಲಾಖೆಗೊಂದು, ಇ.ಎಸ್.ಐ.ಗೊಂದು, ತಮಗೊಂದು ಎಂದು ಒಂದೇ ಘಟನೆಯನ್ನು ಬೇರೆ ಬೇರೆ ನಮೂನೆಯಲ್ಲಿ ಬರೆಯಬೇಕು, ಬೇರೆ ಬೇರೆ ಮೆಟ್ಟಿಲು ಹತ್ತಬೇಕು. ಏನೂ ಆಗದ ಘಟನೆಗೆ ಯಾರು ತಾನೇ ಆ ಮೆಟ್ಟಿಲು ಹತ್ತುತ್ತಾರೆ?

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದು, ಇದು ಆಗದಿದ್ದರೆ ಉಳಿದವು ಆಗಿಯೂ ಪ್ರಯೋಜನವಿಲ್ಲ: ದೋಷವನ್ನು ತಾನಾಗಿ ಬರೆದು, ಇಂಥ ದಿನದೊಳಗೆ ಸರಿಪಡಿಸುತ್ತೇನೆ ಎಂದು ದಿನಾಂಕ ಹಾಕಿದವರಿಗೆ ಆ ದಿನಾಂಕದವರೆಗೆ ನೋಟಿಸು ಕೊಡಬೇಡಿ. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ ಆ ಸರ್ಕಿಟ್ಟನ್ನು ಬಂದ್ ಮಾಡಿಸಿ, ಅದರಲ್ಲಿ ಎರಡು ಮಾತಿಲ್ಲ. ಉಳಿದದ್ದಕ್ಕೆ ಸಮಯ ಕೊಡಿ. ದಿನಾಂಕ ದಾಟಿದರೆ ದಂಡ ಹಾಕಿ. ಎಲ್ಲ ಸಾಲುಗಳೂ ‘ತೃಪ್ತಿಕರ’ ಎಂದಿರುವ ಫೈಲನ್ನೇ ಮೊದಲು ಅನುಮಾನದಿಂದ ನೋಡುವಂತೆ ತಮ್ಮ ಪರಿವೀಕ್ಷಕರಿಗೆ ಸೂಚಿಸಿ. ಹತ್ತಾರು ವರ್ಷ ಹಳೆಯ ಶೆಡ್ಡಿನಲ್ಲಿ ಒಂದೂ ದೋಷವಿಲ್ಲ ಎನ್ನುವುದು ಸಾಧ್ಯವೇ ಇಲ್ಲ.

ಎರಡನೆಯದಾಗಿ, ಅಂಕಿಯ ಜೊತೆ ಅದನ್ನು ಅಳೆದ ಉಪಕರಣದ ಸಂಖ್ಯೆ, ಅದರ ಕ್ಯಾಲಿಬ್ರೇಷನ್ ದಿನಾಂಕ, ಮೀಟರಿನ ಪರದೆಯ ಫೋಟೊ ಕೇಳಿ. ಈಗ ಪ್ರತಿಯೊಬ್ಬ ಹೆಲ್ಪರ್ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಮೀಟರು ಯಾವ ಗುಂಡಿಯ ಪಕ್ಕದಲ್ಲಿದೆ ಎಂದು ಕಾಣುವಂತೆ ಫೋಟೊ ತೆಗೆಯುವುದು ಕಷ್ಟವೇನಲ್ಲ. ಇದಕ್ಕೆ ಪ್ರತಿಯಾಗಿ ಒಂದೇ ಮಾಹಿತಿಯನ್ನು ಮೂರು ಪ್ರತಿ ಕೇಳುವುದನ್ನು, ಜಾಲತಾಣದಲ್ಲಿ ಹಾಕಿದ್ದನ್ನೇ ಮತ್ತೆ ಮುದ್ರಿಸಿ ಲಕೋಟೆಯಲ್ಲಿ ತರಿಸುವುದನ್ನು ನಿಲ್ಲಿಸಿ. ಫೈಲುಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಹೇಳದೆ ಹೋಗಿ, ಒಂದೇ ಒಂದು ಗುಂಡಿಯನ್ನು ಮತ್ತೆ ಅಳೆಸಿ. ಬೇಸಿಗೆಯಲ್ಲಿ ಹೋಗಿ. ಅಂಕಿ ತಾಳೆಯಾಗದಿದ್ದರೆ ಸಹಿ ಹಾಕಿದ ಪರವಾನಗಿದಾರರಿಂದ ವಿವರಣೆ ಕೇಳಿ. ಸಹಿ ಮಾರುವವರಿಗೆ ಈ ಸುದ್ದಿ ಮುಟ್ಟಲು ಒಂದು ವಾರ ಸಾಕು.

ಅಪಘಾತಕ್ಕೆ ಒಂದೇ ನಮೂನೆ ಸಾಕು ಎಂದು ತಾವು, ಕಾರ್ಖಾನೆಗಳ ಇಲಾಖೆ ಮತ್ತು ಇ.ಎಸ್.ಐ. ನಿಗಮದವರು ಒಟ್ಟಿಗೆ ಕುಳಿತು ತೀರ್ಮಾನಿಸಬಹುದು. ಒಂದು ಕಡೆ ಕೊಟ್ಟದ್ದು ಎಲ್ಲರಿಗೂ ಹೋಗಲಿ. ಗಾಯವಾಗದ ಘಟನೆಗಳನ್ನು ತಿಳಿಸಲು ಬೇರೆಯೇ ಒಂದು ಸರಳ ದಾರಿ ಮಾಡಿ. ಕಾರ್ಖಾನೆಯ ಹೆಸರು ಬೇಡ ಎಂದರೂ ಪರವಾಗಿಲ್ಲ. ಯಾವ ಉಪಕರಣ, ಯಾವ ಕೆಲಸ, ಏನು ಕೈಕೊಟ್ಟಿತು ಎನ್ನುವಷ್ಟು ಗೊತ್ತಾದರೆ ವರ್ಷದ ಕೊನೆಗೆ ಈ ರಾಜ್ಯದ ಶೆಡ್‌ಗಳಲ್ಲಿ ಜನರಿಗೆ ಎಲ್ಲೆಲ್ಲಿ ಶಾಕ್ ಹೊಡೆಯುತ್ತಿದೆ ಎಂಬ ಚಿತ್ರ ತಮ್ಮ ಕೈಗೆ ಬರುತ್ತದೆ. ಈಗ ತಮ್ಮ ಕೈಗೆ ಬರುವುದು ಸತ್ತವರ ಲೆಕ್ಕ ಮಾತ್ರ.

ಮಾಲೀಕರಿಗೂ ಎರಡು ಮಾತು. ಪರಿವೀಕ್ಷಣೆಗೆ ಮುಂಚಿನ ವಾರ ಗುಂಡಿಗೆ ಕೊಡಗಟ್ಟಲೆ ನೀರು ಸುರಿಸಿ, ಕಬ್ಬಿಣದ ಮುಚ್ಚಳಕ್ಕೆ ಹಸಿರು ಬಣ್ಣ ಬಳಿಸುವ ಖರ್ಚಿನಲ್ಲಿ ಆ ಹುಡುಗನಿಗೆ ಒಂದು ಜೊತೆ ಒಳ್ಳೆಯ ರಬ್ಬರ್ ಕೈಗವಸು ಬರುತ್ತದೆ. ಆರ್.ಸಿ.ಸಿ.ಬಿ.ಯ ಮೇಲಿರುವ ‘ಟಿ’ (ಟೆಸ್ಟ್) ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಲು ಖರ್ಚೇ ಇಲ್ಲ.

ಕೊನೆಯದಾಗಿ, ತಾವು ಹೊಸದಾಗಿ ಏನನ್ನೂ ಬರೆಯಿಸುವ ಶ್ರಮ ಪಡುವುದು ಬೇಡವೆಂದು ಒಂದು ಪುಟದ ಕರಡನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಪ್ಯಾನೆಲ್ ಬೋರ್ಡಿನ ಬಾಗಿಲಿನ ಒಳಮೈಗೆ, ಪ್ಲಾಸ್ಟಿಕ್ ಹೊದಿಕೆ ಹಾಕಿ ಅಂಟಿಸುವ ಹಾಳೆ ಅದು. ಈ ಬೋರ್ಡಿಗೆ ಕರೆಂಟು ಬರುವ ದಿಕ್ಕುಗಳು ಯಾವುವು, ಪ್ರತಿಯೊಂದರ ಸ್ವಿಚ್ ಎಲ್ಲಿದೆ, ಜನರೇಟರನ್ನು ಆಟೊದಿಂದ ತೆಗೆದವರು ಯಾರು, ಬೀಗದ ಕೈ ಯಾರ ಬಳಿ ಇದೆ, ಮುಟ್ಟುವ ಮುಂಚೆ ಮೂರೂ ಫೇಸ್ ಟೆಸ್ಟರ್‌ನಿಂದ ನೋಡಿದ್ದೀರಾ, ಕಳೆದ ಬಾರಿ ಅರ್ಥಿಂಗ್ ಅಳೆದದ್ದು ಯಾವಾಗ, ಎಷ್ಟು ಬಂತು, ಅಳೆದವರು ಯಾರು, ಏನು ಸರಿಯಿಲ್ಲ, ಯಾವಾಗ ಸರಿಯಾಗುತ್ತದೆ, ಆಘಾತವಾದರೆ ಯಾರಿಗೆ ಫೋನ್ ಮಾಡಬೇಕು. ಇಷ್ಟೇ. ಕನ್ನಡದಲ್ಲಿದೆ, ಪಕ್ಕದಲ್ಲಿ ಹಿಂದಿ ಅಥವಾ ಒಡಿಯಾದಲ್ಲಿ ಬರೆದುಕೊಳ್ಳಲು ಜಾಗ ಬಿಟ್ಟಿದ್ದೇನೆ. ‘ಏನು ಸರಿಯಿಲ್ಲ’ ಎಂಬ ಸಾಲಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ. ಒಪ್ಪಿಗೆಯಾದರೆ ಮುಂದಿನ ಸುತ್ತೋಲೆಯ ಜೊತೆ ಕಳುಹಿಸಿ, ಮತ್ತು ಆ ಸಾಲು ಖಾಲಿ ಇಲ್ಲದ ಕಾರಣಕ್ಕೆ ಯಾವ ಕಾರ್ಖಾನೆಯ ಫೈಲೂ ವಾಪಸು ಬರುವುದಿಲ್ಲ ಎಂದು ಅದೇ ಸುತ್ತೋಲೆಯಲ್ಲಿ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ವಿದ್ಯುತ್ ಮೇಲ್ವಿಚಾರಕ